ತಾನಾಗಿ ಸೇರುವ ಡ್ರೈವ್, ತಾನಾಗಿ ಬಿಡದು
ಲೆಕ್ಕಪತ್ರಗಳ ರಕ್ಷಣೆಗೆ ಅರೆ ನಿಮಿಷದ ತಾಳ್ಮೆ

ಮಾರ್ಚ್ ತಿಂಗಳ ಕೊನೆಯ ವಾರ, ಅಂಗಡಿಯ ಬಾಗಿಲು ಹಾಕುವ ಹೊತ್ತು. ಗುಮಾಸ್ತರು ಅಂದಿನ ಬಿಲ್ಲುಗಳನ್ನೆಲ್ಲ ಗಣಕಯಂತ್ರಕ್ಕೆ ಏರಿಸಿ, ವರ್ಷದ ಲೆಕ್ಕವನ್ನು ಪೆನ್ ಡ್ರೈವ್‌ಗೆ ನಕಲು ಮಾಡುತ್ತಾರೆ. ಪರದೆಯ ಮೇಲೆ ನಕಲು ಮುಗಿದಂತೆ ಕಂಡೊಡನೆ ಡ್ರೈವನ್ನು ಕಿತ್ತು ಜೇಬಿಗೆ ಹಾಕಿಕೊಂಡು ಹೊರಡುತ್ತಾರೆ. ಮರುದಿನ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಅದನ್ನು ಜೋಡಿಸಿದರೆ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕೆಂಬ ಸೂಚನೆ ಎದುರಾಗುತ್ತದೆ. ಇಂತಹ ಪ್ರಸಂಗ ವರ್ತಕ ವಲಯಕ್ಕೆ ಹೊಸತಲ್ಲ. ಇದರ ಮೂಲ ಬಹುಪಾಲು ಸಂದರ್ಭಗಳಲ್ಲಿ ಡ್ರೈವಿನ ದೋಷವಲ್ಲ, ಅದನ್ನು ಬೇರ್ಪಡಿಸಿದ ರೀತಿ.

ಜೋಡಣೆ ಹೇಗೆ ನಡೆಯುತ್ತದೆ?

ಯುಎಸ್‌ಬಿ ಮಾನದಂಡ ಪ್ರಕಟವಾದದ್ದು 1996ರಲ್ಲಿ. 2000ದಲ್ಲಿ ಮಾರುಕಟ್ಟೆಗೆ ಬಂದ ಮೊದಲ ಪೆನ್ ಡ್ರೈವ್‌ಗಳ ಸಾಮರ್ಥ್ಯ ಕೇವಲ 8 ಮೆಗಾಬೈಟ್ ಆಗಿತ್ತು. ಇಂದು ಒಂದು ಸಂಸ್ಥೆಯ ಹತ್ತಾರು ವರ್ಷಗಳ ವ್ಯವಹಾರ ಅಂಗೈಯಲ್ಲಿ ಅಡಗುತ್ತದೆ.

ಡ್ರೈವನ್ನು ಚುಚ್ಚಿದ ಕೂಡಲೇ ಗಣಕಯಂತ್ರ ಅದನ್ನು ಗುರುತಿಸಿ, ಒಳಗಿನ ಕಡತಗಳ ವ್ಯವಸ್ಥೆಯನ್ನು ಓದಿ, ಬಳಕೆಗೆ ತೆರೆದಿಡುತ್ತದೆ. ಈ ಕ್ರಿಯೆಗೆ ತಾಂತ್ರಿಕ ಭಾಷೆಯಲ್ಲಿ ‘ಮೌಂಟ್’ ಎಂದು ಹೆಸರು. ವಿಂಡೋಸ್‌ನಲ್ಲಿ ಡ್ರೈವ್‌ಗೆ ಒಂದು ಅಕ್ಷರ ದೊರೆಯುತ್ತದೆ. ಮ್ಯಾಕ್‌ನಲ್ಲಿ ಅದು ಫೈಂಡರ್‌ನಲ್ಲಿಯೂ, ಉಬುಂಟುವಿನಲ್ಲಿ ‘ಮೀಡಿಯಾ’ ಎಂಬ ಕೋಶದಡಿಯೂ ಕಾಣಿಸಿಕೊಳ್ಳುತ್ತದೆ. ಮನುಷ್ಯನ ನೆರವಿಲ್ಲದೆ ಕ್ಷಣಮಾತ್ರದಲ್ಲಿ ಇದು ನಡೆಯುವುದರಿಂದ, ಬೇರ್ಪಡಿಸುವುದೂ ಅಷ್ಟೇ ಸುಲಭವೆಂಬ ಭಾವನೆ ಬೆಳೆದಿದೆ.

ಚೀಟಿ ಮತ್ತು ಕಿರ್ದಿ

ಮಂಡಿಯಲ್ಲಿ ವ್ಯಾಪಾರ ಬಿರುಸಾಗಿರುವಾಗ ಗುಮಾಸ್ತರು ಪ್ರತಿಯೊಂದು ವಹಿವಾಟನ್ನೂ ಆಗಲೇ ಕಿರ್ದಿಗೆ ಏರಿಸುವುದಿಲ್ಲ. ಚೀಟಿಯಲ್ಲಿ ಗುರುತು ಹಾಕಿಕೊಂಡು, ಬಿಡುವಾದಾಗ ಒಟ್ಟಾಗಿ ಬರೆಯುತ್ತಾರೆ. ಗಣಕಯಂತ್ರದ ಕ್ರಮವೂ ಹೀಗೆಯೇ. ಡ್ರೈವ್‌ಗೆ ಬರೆಯುವ ವೇಗ ಕಡಿಮೆಯಾದ್ದರಿಂದ, ಮಾಹಿತಿಯನ್ನು ಮೊದಲು ತನ್ನ ತಾತ್ಕಾಲಿಕ ಸ್ಮೃತಿಯಲ್ಲಿ ಇರಿಸಿಕೊಂಡು ‘ಕೆಲಸ ಮುಗಿಯಿತು’ ಎಂದು ತೋರಿಸಿ, ನಿಜವಾದ ಬರಹವನ್ನು ಅನಂತರ ಪೂರೈಸುವುದುಂಟು. ಚೀಟಿಯಲ್ಲಿರುವುದು ಕಿರ್ದಿಗೆ ಏರುವ ಮೊದಲೇ ಪುಸ್ತಕವನ್ನು ಕಸಿದುಕೊಂಡರೆ ಲೆಕ್ಕ ಅಪೂರ್ಣವಾಗುತ್ತದೆ.

ನಷ್ಟವಾಗುವುದು ಕೊನೆಯ ಕಡತ ಒಂದೇ ಅಲ್ಲ. ಯಾವ ಕಡತ ಎಲ್ಲಿದೆ ಎಂಬುದನ್ನು ಸೂಚಿಸುವ ಕೋಷ್ಟಕವೊಂದು ಪ್ರತಿಯೊಂದು ಡ್ರೈವ್‌ನಲ್ಲೂ ಇರುತ್ತದೆ. ಅದನ್ನು ತಿದ್ದುತ್ತಿರುವ ಕ್ಷಣದಲ್ಲಿ ಸಂಪರ್ಕ ಕಡಿದರೆ ಹಳೆಯ ಕಡತಗಳೂ ಕಾಣೆಯಾಗಬಹುದು. ಪೆನ್ ಡ್ರೈವ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಫ್ಯಾಟ್32 ಮತ್ತು ಎಕ್ಸ್‌ಫ್ಯಾಟ್ ವಿಧಾನಗಳಲ್ಲಿ, ಅರ್ಧಕ್ಕೆ ನಿಂತ ಬದಲಾವಣೆಯನ್ನು ಸರಿಪಡಿಸಲು ನೆರವಾಗುವ ದಾಖಲೆ ಇರುವುದಿಲ್ಲ. ಎನ್‌ಟಿಎಫ್‌ಎಸ್ ವಿಧಾನದಲ್ಲಿ ಅದು ಇದೆ. ಆದರೂ ಬರೆಯದೆ ಉಳಿದ ಮಾಹಿತಿಯನ್ನು ಅದು ಮರಳಿ ತಾರದು.

ಬೇರ್ಪಡಿಸುವ ಕ್ರಮ

ವಿಂಡೋಸ್‌ನಲ್ಲಿ ಪರದೆಯ ಬಲ ಕೆಳಮೂಲೆಯ ‘ಸೇಫ್ಲಿ ರಿಮೂವ್ ಹಾರ್ಡ್‌ವೇರ್’ ಚಿಹ್ನೆಯನ್ನೂ, ಮ್ಯಾಕ್ ಹಾಗೂ ಉಬುಂಟುವಿನಲ್ಲಿ ‘ಎಜೆಕ್ಟ್’ ಚಿಹ್ನೆಯನ್ನೂ ಒತ್ತಬೇಕು. ಆಗ ಬಾಕಿ ಬರಹ ಪೂರ್ಣಗೊಂಡು, ಡ್ರೈವ್ ತೆಗೆಯಬಹುದೆಂಬ ಸೂಚನೆ ಬರುತ್ತದೆ ಅಥವಾ ಚಿಹ್ನೆ ಮರೆಯಾಗುತ್ತದೆ. ಡ್ರೈವ್ ಬಳಕೆಯಲ್ಲಿದೆ ಎಂಬ ಎಚ್ಚರಿಕೆ ಬಂದರೆ, ಅದರಲ್ಲಿನ ಕಡತವೊಂದು ಇನ್ನೂ ತೆರೆದಿದೆ ಎಂದರ್ಥ. ಲೆಕ್ಕದ ತಂತ್ರಾಂಶವನ್ನು ಮುಚ್ಚಿ ಮತ್ತೆ ಯತ್ನಿಸಬೇಕು. ಆಗಲೂ ಬಿಡದಿದ್ದರೆ ಗಣಕಯಂತ್ರವನ್ನು ಪೂರ್ಣವಾಗಿ ಆರಿಸಿ ತೆಗೆಯುವುದು ಕ್ಷೇಮ.

2018ರಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ ಮೈಕ್ರೋಸಾಫ್ಟ್ ಸಂಸ್ಥೆ ‘ಶೀಘ್ರ ತೆಗೆಯುವಿಕೆ’ಯನ್ನು ಮೂಲ ನಿಯಮವಾಗಿಸಿದೆ. ಇದರಿಂದ ಅಪಾಯ ತಗ್ಗಿದ್ದರೂ, ಬರಹ ನಡೆಯುತ್ತಿರುವಾಗ ಕಿತ್ತರೆ ಆಗುವ ಹಾನಿ ತಪ್ಪಿಲ್ಲ.

ತಾನಾಗಿ ತೆರೆದುಕೊಳ್ಳುವ ಬಾಗಿಲು

ಜೋಡಣೆಯ ಸೌಲಭ್ಯಕ್ಕೂ ಇನ್ನೊಂದು ಮುಖವಿದೆ. ಡ್ರೈವ್‌ನಲ್ಲಿರುವ ಪ್ರೋಗ್ರಾಂ ತಾನಾಗಿ ಚಾಲನೆಗೊಳ್ಳುವ ‘ಆಟೋರನ್’ ವ್ಯವಸ್ಥೆಯನ್ನು ಬಳಸಿಕೊಂಡು, 2008ರ ಕೊನೆಯಲ್ಲಿ ತಲೆಯೆತ್ತಿದ ಕಾನ್‌ಫಿಕರ್ ವೈರಸ್ ಪೆನ್ ಡ್ರೈವ್‌ಗಳ ಮೂಲಕವೂ ಹರಡಿತು. ವಿಂಡೋಸ್ 7ರಲ್ಲಿ ಪೆನ್ ಡ್ರೈವ್‌ಗಳಿಗೆ ಈ ಸೌಲಭ್ಯವನ್ನು ಕೈಬಿಡಲಾಯಿತು. 2011ರಲ್ಲಿ ಹಿಂದಿನ ಆವೃತ್ತಿಗಳಲ್ಲೂ ನಿಲ್ಲಿಸಲಾಯಿತು. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್‌ಗೆ ಆಟೋರನ್ ಬೇಕಿರಲಿಲ್ಲ; ಡ್ರೈವಿನ ಕಡತಪಟ್ಟಿಯನ್ನು ತೆರೆದು ನೋಡಿದರೇ ಸಾಕಾಗಿತ್ತು. ಅದರ ಗುರಿ ಕಾರ್ಖಾನೆಯ ನಿಯಂತ್ರಣ ಯಂತ್ರಗಳಾಗಿದ್ದವು. ಸಿಎನ್‌ಸಿ ಯಂತ್ರಗಳಿಗೆ ಪೆನ್ ಡ್ರೈವ್ ಮೂಲಕ ಪ್ರೋಗ್ರಾಂ ತುಂಬುವ ಸಣ್ಣ ಕೈಗಾರಿಕೆಗಳು ಇದನ್ನು ಮರೆಯಲಾಗದು.

ಕಾನೂನಿನ ಹೊಣೆ

ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನನ್ವಯ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. 2013ರ ಕಂಪನಿ ಕಾಯಿದೆ ಕಂಪನಿಗಳಿಗೆ 8 ಹಣಕಾಸು ವರ್ಷಗಳ ಅವಧಿಯನ್ನು ವಿಧಿಸಿದೆ. ವಿದ್ಯುನ್ಮಾನ ಲೆಕ್ಕ ಇಡುವ ಕಂಪನಿಗಳು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಪ್ರತಿ ಉಳಿಸಬೇಕೆಂದು 2022ರ ತಿದ್ದುಪಡಿ ಹೇಳುತ್ತದೆ. ಇಂತಹ ಸಂಸ್ಥೆಗಳಿಗೆ ಪೆನ್ ಡ್ರೈವ್ ಹೆಚ್ಚುವರಿ ರಕ್ಷಣೆ ಮಾತ್ರ. ಡ್ರೈವ್ ಕೆಟ್ಟಿತೆಂಬ ಕಾರಣ ತೆರಿಗೆ ಅಧಿಕಾರಿಯ ಮುಂದೆ ನಿಲ್ಲುವಂತಹುದಲ್ಲ.

ಪಾಲಿಸಬೇಕಾದ ಕ್ರಮಗಳು

1. ಮೂಲ ಲೆಕ್ಕ ಗಣಕಯಂತ್ರದ ಒಳಗಿನ ಡಿಸ್ಕ್‌ನಲ್ಲೇ ಇರಲಿ. ಪೆನ್ ಡ್ರೈವ್‌ನಿಂದಲೇ ತಂತ್ರಾಂಶ ತೆರೆದು ಲೆಕ್ಕ ಬರೆಯುವ ರೂಢಿ ಬೇಡ.

2. ಎರಡು ಡ್ರೈವ್‌ಗಳನ್ನು ಸರದಿಯಂತೆ ಬಳಸಿ, ಒಂದನ್ನು ಅಂಗಡಿಯಿಂದ ಹೊರಗೆ ಇರಿಸಬೇಕು.

3. ನಕಲು ಮುಗಿದ ಮೇಲೆ ಡ್ರೈವನ್ನು ಜೋಡಿಸಿಯೇ ಬಿಡಬಾರದು. 2017ರ ವನ್ನಾಕ್ರೈನಂತಹ ಸುಲಿಗೆ ವೈರಸ್‌ಗಳು ಜೋಡಿಸಿದ ಡ್ರೈವಿನ ಕಡತಗಳಿಗೂ ಬೀಗ ಜಡಿಯುತ್ತವೆ.

4. ಆಟೋಪ್ಲೇ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿ, ಹೊರಗಿನ ಡ್ರೈವನ್ನು ವೈರಸ್ ತಪಾಸಣೆಯ ಬಳಿಕವೇ ತೆರೆಯಬೇಕು.

5. ಫಾರ್ಮ್ಯಾಟ್ ಸೂಚನೆ ಬಂದರೆ ಒಪ್ಪಬಾರದು. ಆ ಡ್ರೈವ್‌ಗೆ ಮತ್ತೇನನ್ನೂ ಬರೆಯದೆ ಬಲ್ಲವರಿಗೆ ತೋರಿಸಬೇಕು.

6. ತಿಂಗಳಿಗೊಮ್ಮೆ ಪ್ರತಿಯನ್ನು ಬೇರೊಂದು ಗಣಕಯಂತ್ರದಲ್ಲಿ ತೆರೆದು ಪರೀಕ್ಷಿಸಬೇಕು.

ಗಲ್ಲಾಪೆಟ್ಟಿಗೆಗೆ ಬೀಗ ಹಾಕಿದ ಮೇಲೂ ಒಮ್ಮೆ ಎಳೆದು ನೋಡುವುದು ವರ್ತಕರ ಹಳೆಯ ಅಭ್ಯಾಸ. ಲೆಕ್ಕದ ಡ್ರೈವ್‌ಗೂ ಅದೇ ಎಚ್ಚರ ಸಲ್ಲಬೇಕು. ಜೋಡಿಸುವ ಕೆಲಸವನ್ನು ಯಂತ್ರ ಮಾಡಿಕೊಳ್ಳುತ್ತದೆ. ಬಿಡಿಸುವ ಹೊಣೆ ಮಾತ್ರ ಮಾಲೀಕರದು.