ಗಣಕಯಂತ್ರದ ಸದ್ದು ಮತ್ತು ಕಿವಿಯ ನೆಮ್ಮದಿ

ನಮ್ಮ ಚಿಕಿತ್ಸಾಲಯದಲ್ಲಿ ರೋಗಿಗಳ ವಿವರ ದಾಖಲಿಸುವ ಹಳೆಯ ಕಂಪ್ಯೂಟರ್ ಒಂದಿದೆ. ಕಳೆದ ಬೇಸಿಗೆಯಲ್ಲಿ ಅದರ ಫ್ಯಾನಿನ ಸದ್ದು ಎಷ್ಟು ಹೆಚ್ಚಿತೆಂದರೆ, ವೃದ್ಧ ರೋಗಿಗಳು ಮೆಲ್ಲನೆ ಹೇಳಿಕೊಳ್ಳುವ ಬಾಧೆಯನ್ನು ನಾವು ಎರಡೆರಡು ಬಾರಿ ಕೇಳಿ ತಿಳಿಯಬೇಕಾಯಿತು. ಸದ್ದನ್ನು ಸದ್ದಿನಿಂದಲೇ ಅಳಿಸುವ ಹೆಡ್‌ಫೋನ್‌ಗಳಿವೆಯಲ್ಲ, ಅದೇ ಉಪಾಯವನ್ನು ಕಂಪ್ಯೂಟರಿಗೂ ಅಳವಡಿಸಬಾರದೇ ಎಂದು ನಮ್ಮ ಸಹಾಯಕರು ಕೇಳಿದರು. ಮನೆಯಿಂದಲೇ ಕೆಲಸ ಮಾಡುವ ಭಕ್ತರಿಗೂ ಉಪಯೋಗವಾದೀತೆಂದು ಇದನ್ನು ಇಲ್ಲಿ ವಿವರಿಸುತ್ತೇವೆ.

ಶಬ್ದವೆಂಬುದು ಗಾಳಿಯ ಒತ್ತಡದ ಏರಿಳಿತ. ಒಂದು ಅಲೆ ಏರುವ ಕ್ಷಣದಲ್ಲಿಯೇ ಅಷ್ಟೇ ಇಳಿಯುವ ಇನ್ನೊಂದು ಅಲೆಯನ್ನು ಕೂಡಿಸಿದರೆ ಎರಡೂ ಶಮನವಾಗುತ್ತವೆ. ಜರ್ಮನಿಯ ಪಾಲ್ ಲೂಯೆಗ್ ಅವರಿಗೆ ಈ ತತ್ತ್ವದ ಮೇಲೆ 1936ರಲ್ಲಿಯೇ ಅಮೆರಿಕದ ಪೇಟೆಂಟ್ ದೊರೆತಿತ್ತು. ಬಂಗಾಳಿ ಮೂಲದ ಅಮರ್ ಬೋಸ್ ಅವರು 1978ರಲ್ಲಿ ವಿಮಾನಯಾನದ ವೇಳೆ ಇಂಥ ಹೆಡ್‌ಫೋನಿನ ಆಲೋಚನೆ ಮಾಡಿದರು. 1989ರಲ್ಲಿ ಅವರ ಸಂಸ್ಥೆ ಅದನ್ನು ವಿಮಾನ ಚಾಲಕರಿಗಾಗಿ ಮಾರಾಟಕ್ಕೆ ತಂದಿತು. ಅದರೊಳಗಿನ ಪುಟ್ಟ ಮೈಕ್ರೊಫೋನ್ ಸದ್ದನ್ನು ಗ್ರಹಿಸುತ್ತದೆ. ವಿದ್ಯುನ್ಮಂಡಲವು ತತ್‌ಕ್ಷಣವೇ ತಲೆಕೆಳಗಾದ ಅಲೆಯನ್ನು ರಚಿಸಿ ಕಿವಿಯ ಬಳಿ ಬಿಡುತ್ತದೆ.

ಏಳು ರೆಕ್ಕೆಗಳ ಫ್ಯಾನು ನಿಮಿಷಕ್ಕೆ 1200 ಸುತ್ತು ತಿರುಗಿದರೆ ಸೆಕೆಂಡಿಗೆ 140 ಕಂಪನಗಳ ಗುಂಜಾರವ ಹುಟ್ಟುತ್ತದೆ. ಏಕರೂಪದ ಇಂಥ ತಗ್ಗುದನಿಯನ್ನು ಹೆಡ್‌ಫೋನ್ ಚೆನ್ನಾಗಿ ಅಡಗಿಸಬಲ್ಲದು. ಆದರೆ ಗಾಳಿ ನುಗ್ಗುವ ಸುಂಯ್ ಎಂಬ ಸದ್ದು ಕ್ರಮವಿಲ್ಲದ್ದು, ಎತ್ತರದ ದನಿಯದು. ಅಲ್ಲಿ ಈ ಉಪಾಯ ಅಷ್ಟಾಗಿ ಫಲಿಸದು.

ಇನ್ನು ತೆರೆದ ಕೋಣೆಯಲ್ಲಿ ತೊಡಕು ಮತ್ತಷ್ಟು ಹೆಚ್ಚು. ಗೋಡೆಗಳಿಂದ ಮರಳುವ ಅಲೆಗಳ ದೆಸೆಯಿಂದ ಒಂದೆಡೆ ಸದ್ದು ಅಡಗಿದರೆ ಮತ್ತೊಂದೆಡೆ ಹೆಚ್ಚಬಹುದು. ಸೆಕೆಂಡಿಗೆ 1000 ಕಂಪನಗಳ ಅಲೆಯ ಉದ್ದ ಸುಮಾರು 34 ಸೆಂಟಿಮೀಟರ್. ಮೌನದ ವಲಯವೋ ಅದರ ಹತ್ತನೆಯ ಒಂದು ಭಾಗ ಮಾತ್ರ. ತಲೆಯನ್ನು ತುಸು ಹೊರಳಿಸಿದರೂ ಅದು ತಪ್ಪಿಹೋಗುತ್ತದೆ. ಆದ್ದರಿಂದ ಕಿವಿಗೆ ಒಪ್ಪುವ ಉಪಾಯ ಕೋಣೆಗೆ ಒಪ್ಪುವುದಿಲ್ಲ.

ರೋಗದ ಕಾರಣವನ್ನು ದೂರಮಾಡುವುದೇ ಮೊದಲ ಚಿಕಿತ್ಸೆ. ಆಯುರ್ವೇದದಲ್ಲಿ ಇದಕ್ಕೆ ನಿದಾನ ಪರಿವರ್ಜನವೆಂದು ಹೆಸರು. ನಾವೂ ಅದನ್ನೇ ಅನುಸರಿಸಿದೆವು. ವಿದ್ಯುತ್ ಸಂಪರ್ಕ ತೆಗೆಸಿ, ಫ್ಯಾನಿನಲ್ಲಿಯೂ ಜಾಲರಿಯಲ್ಲಿಯೂ ಕಟ್ಟಿದ್ದ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಸಿದೆವು. ಸವೆದ ಫ್ಯಾನಿನ ಬದಲಿಗೆ ನಿಧಾನವಾಗಿ ತಿರುಗುವ ದೊಡ್ಡ ಫ್ಯಾನನ್ನು ರಬ್ಬರಿನ ಬಿಲ್ಲೆಗಳ ಮೇಲೆ ಕೂರಿಸಿದೆವು. ಮರದ ಮೇಜು ಕಂಪನವನ್ನು ಹಿಗ್ಗಿಸುತ್ತಿದ್ದುದರಿಂದ ಪೆಟ್ಟಿಗೆಯನ್ನು ಕೆಳಗಿಳಿಸಿ ದಪ್ಪ ರಬ್ಬರಿನ ಹಾಸಿನ ಮೇಲಿಟ್ಟೆವು. ಗಾಳಿಯ ಕಿಂಡಿಗಳನ್ನು ಮಾತ್ರ ಯಾರೂ ಬಟ್ಟೆಯಿಂದ ಮುಚ್ಚಬಾರದು. ಯಂತ್ರ ಕಾದು ಕೆಡುತ್ತದೆ.

ಇಷ್ಟಾದರೂ ಸದ್ದು ಉಳಿದರೆ ಹೆಡ್‌ಫೋನ್ ಬಳಸಲು ಅಡ್ಡಿಯಿಲ್ಲ. ಹೊರಗಿನ ಗುಂಜಾರವ ತಗ್ಗಿದಾಗ ಮಾತನ್ನೂ ಸಂಗೀತವನ್ನೂ ಕಡಿಮೆ ದನಿಯಲ್ಲಿ ಕೇಳಬಹುದು. ಕಿವಿಗೆ ಅದೇ ದೊಡ್ಡ ಲಾಭ. ಆದರೆ ರಸ್ತೆಯಲ್ಲಿ ನಡೆಯುವಾಗ ಧರಿಸಬಾರದು. ಅತಿಯಾದ ಶಬ್ದದಂತೆ ಏನನ್ನೂ ಕೇಳದಿರುವುದನ್ನೂ ಚರಕ ಸಂಹಿತೆ ದೋಷವೆಂದೇ ಎಣಿಸುತ್ತದೆ. ಆದ್ದರಿಂದ ಆಗಾಗ ತೆಗೆದಿಟ್ಟು ಕಿವಿಗೆ ವಿರಾಮ ಕೊಡಬೇಕು. ಕಿವಿಯಲ್ಲಿ ಮೊರೆತ ಉಳಿದರೆ ಅಥವಾ ಕೇಳಿಸುವುದು ಕಡಿಮೆಯಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಈಗ ನಮ್ಮ ರೋಗಿಗಳು ಒಮ್ಮೆ ಹೇಳಿದರೆ ಸಾಕು, ನಮಗೆ ಕೇಳಿಸುತ್ತದೆ.