ಆರೈಕೆಗೂ ಮುಯ್ಯಾಳು



ಅಡಿಕೆ ಕೊಯ್ಲು ಮುಗಿಯುವ ಮೊದಲೇ ಕಾಫಿ ಹಣ್ಣಾಗುತ್ತದೆ. ಆಳು ಸಿಕ್ಕದ ಆ ದಿನಗಳಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರು ಯಾರೆಂದರೆ, ಹೆಚ್ಚಿನ ಮನೆಗಳಲ್ಲಿ ಸೊಸೆ ಒಬ್ಬಳೇ.

ಮಲಗಿದಲ್ಲೇ ಇರುವವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ. ಹಗಲೆಲ್ಲ ಅಂಗಳದಲ್ಲಿ ಅಡಿಕೆ ಹರಡಿ, ಕೆಲಸದವರಿಗೆ ಬಡಿಸಿದವಳು ರಾತ್ರಿಯೂ ಹೀಗೆ ಎದ್ದೇಳುತ್ತಿದ್ದರೆ ಎಷ್ಟು ದಿನ ತಾಳಿಯಾಳು? ಪಟ್ಟಣದಲ್ಲಿರುವ ಮಕ್ಕಳು ಹಬ್ಬಕ್ಕೆ ಬಂದು 'ಅಮ್ಮ ಸೊರಗಿದ್ದಾಳೆ' ಎಂದು ಹೇಳಿ ಹೋಗುವುದನ್ನು ನಾವು ಕಂಡಿದ್ದೇವೆ. ಸೊಸೆ ಸೊರಗಿದ್ದು ಅವರ ಕಣ್ಣಿಗೆ ಬೀಳದು.

ಕೊಯ್ಲಿಗೆ ಮುಯ್ಯಾಳು ಕೊಟ್ಟು ಪಡೆಯುವುದು ಮಲೆನಾಡಿಗೆ ಹೊಸತಲ್ಲ. ಆರೈಕೆಗೂ ಅದೇ ಕ್ರಮ ಏಕಾಗಬಾರದು? ವಾರಕ್ಕೊಂದು ಮಧ್ಯಾಹ್ನ ನೆರೆಮನೆಯವರು ಹಿರಿಯರ ಬಳಿ ಕುಳಿತರೆ ಆಕೆ ನಿದ್ದೆಯನ್ನಾದರೂ ಮಾಡಿಯಾಳು. ದೂರದ ಮಕ್ಕಳು ಹಣ ಕಳುಹಿಸುವುದು ಒಳ್ಳೆಯದೇ. ಕೊಯ್ಲಿನಲ್ಲಿ ಹತ್ತು ರಾತ್ರಿ ಬಂದು ತಾವೇ ಎದ್ದರೆ ಇನ್ನೂ ಒಳ್ಳೆಯದು.

ಹಿರಿಯರಿಗೂ ಒಂದು ಮಾತು. ತೋಟವನ್ನು ದಾನಪತ್ರ ಮಾಡಿಕೊಡುವಾಗ ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳತಕ್ಕದ್ದೆಂಬ ಷರತ್ತನ್ನು ಪತ್ರದಲ್ಲೇ ಬರೆಸಿರಿ. ಮಗ ಮುನಿಸಿಕೊಂಡಾನೆಂಬ ಸಂಕೋಚ ಬೇಡ. ಷರತ್ತು ತಪ್ಪಿದಲ್ಲಿ, 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನಂತೆ ಆ ದಾನವನ್ನು ರದ್ದುಪಡಿಸಲು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಬರೀ ಬಾಯಿಮಾತಿನ ಷರತ್ತನ್ನು ಅಲ್ಲಿ ಸಾಧಿಸುವುದು ಕಷ್ಟ.