ಕುಡಿಯುವ ನೀರಿನಲ್ಲಿ ಯುರೇನಿಯಂ: ಇದ್ದಿಲು, ಜೇಡಿಮಣ್ಣು ಸಾಕೇ?

ನಂದಗಡದ ಸುತ್ತಮುತ್ತ ಭತ್ತದ ಹೊಟ್ಟಿಗೆ ಕೊರತೆಯಿಲ್ಲ. ಖಾನಾಪುರದ ಜೇಡಿಮಣ್ಣು ಮಡಕೆ ಹಾಗೂ ಹಂಚಿಗೆ ಹೆಸರಾದುದು. ಇದ್ದಿಲು, ಮರಳು ತುಂಬಿದ ಮಡಕೆಯಲ್ಲಿ ನೀರು ಸೋಸುವುದು ನಮ್ಮ ರೈತರಿಗೆ ಹೊಸದೇನೂ ಅಲ್ಲ. ಕೊಳವೆ ಬಾವಿಯ ನೀರಿನಲ್ಲಿ ಯುರೇನಿಯಂನಂತಹ ವಿಕಿರಣಶೀಲ ವಸ್ತು ಇದ್ದರೆ ಇದೇ ವಿಧಾನ ಸಾಕಾಗುವುದೇ? ಇಲ್ಲ. ಏಕೆಂಬುದನ್ನು ತಿಳಿಯುವುದು ಅವಶ್ಯ.

ಎಲ್ಲಿಂದ ಬರುತ್ತದೆ?

ಗ್ರಾನೈಟ್ ಮುಂತಾದ ಕಲ್ಲುಗಳಲ್ಲಿ ಯುರೇನಿಯಂ ಸ್ವಾಭಾವಿಕವಾಗಿಯೇ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಆಳದ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಅದು ಕರಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಹಲವು ಕೊಳವೆ ಬಾವಿಗಳಲ್ಲಿ ಅದು ಮಿತಿ ಮೀರಿರುವುದು ಕಂಡುಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಸೂಚಿಸಿದ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಇದಕ್ಕೆ ಬಣ್ಣ, ವಾಸನೆ, ರುಚಿ ಇಲ್ಲ. ಮುಖ್ಯ ಅಪಾಯ ಮೂತ್ರಪಿಂಡಗಳಿಗೆ. ಖಾನಾಪುರ ತಾಲೂಕಿನ ನೆಲ ಪೂರ್ವದ ಜಿಲ್ಲೆಗಳಂತಲ್ಲ. ಆದರೂ ನೆಲ ನೋಡಿ ನೀರಿನ ಗುಣ ಹೇಳಲಾಗದು; ಪರೀಕ್ಷೆಯೊಂದೇ ದಾರಿ.

ರಂಧ್ರಗಳ ಕೆಲಸ

ಕರಗಿದ ವಸ್ತು ಘನವಸ್ತುವಿನ ಮೈಗೆ ಅಂಟಿಕೊಳ್ಳುವುದಕ್ಕೆ ಅಧಿಶೋಷಣೆ ಎನ್ನುತ್ತಾರೆ. ರಂಧ್ರ ಹೆಚ್ಚಿದಷ್ಟೂ ಮೈ ಹೆಚ್ಚು. ಕಾರ್ಖಾನೆಯಲ್ಲಿ ಸಂಸ್ಕರಿಸಿದ ಉತ್ತಮ ಇದ್ದಿಲಿನ ಒಂದು ಗ್ರಾಂನಲ್ಲಿ 500ರಿಂದ 1,000 ಚದರ ಮೀಟರ್, ಅಂದರೆ ಐದರಿಂದ ಹತ್ತು ಗುಂಟೆಯಷ್ಟು ಒಳಮೈ ಇರುತ್ತದೆ!

ಆದರೆ ಜಾಗವಿದ್ದರೆ ಸಾಲದು. ಹಿಡಿಯುವ ಗುಣವೂ ಬೇಕು. ಇದು ರೈತರಿಗೆ ಗೊತ್ತಿರುವ ಸಂಗತಿಯೇ. ಜೇಡಿಮಣ್ಣಿನ ಕಣಗಳ ಮೇಲೆ ಋಣ ವಿದ್ಯುದಂಶವಿರುತ್ತದೆ. ಆದುದರಿಂದ ಧನ ವಿದ್ಯುದಂಶದ ಅಮೋನಿಯಂ, ಪೊಟ್ಯಾಶ್ ಮಣ್ಣಿನಲ್ಲಿ ನಿಲ್ಲುತ್ತವೆ. ಋಣ ವಿದ್ಯುದಂಶದ ನೈಟ್ರೇಟ್ ಮಳೆಗೆ ಬಸಿದು ಹೋಗುತ್ತದೆ. ಯೂರಿಯಾವನ್ನು ಕಂತುಗಳಲ್ಲಿ ಕೊಡಿರೆಂದು ಹೇಳುವುದಕ್ಕೆ ಇದೂ ಒಂದು ಕಾರಣ.

ವಿಕಿರಣಶೀಲ ವಸ್ತುಗಳಿಗೂ ಇದೇ ನಿಯಮ. ಸೀಸಿಯಂ ಧನ ಅಯಾನು. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ಅಪಘಾತದ ನಂತರ ಅಲ್ಲಿಯ ನೀರಿನಿಂದ ಸೀಸಿಯಂ ತೆಗೆಯಲು ಜಿಯೋಲೈಟ್ ಎಂಬ ಸರಂಧ್ರ ಖನಿಜ ಬಳಸಿದರು. ಆದರೆ ಅಂತರ್ಜಲದ ಯುರೇನಿಯಂ ಕಾರ್ಬೊನೇಟಿನೊಡನೆ ಕೂಡಿ, ಬಹುಮಟ್ಟಿಗೆ ಋಣ ಅಥವಾ ತಟಸ್ಥ ರೂಪದಲ್ಲಿರುತ್ತದೆ. ಜೇಡಿಮಣ್ಣು, ಸಾದಾ ಇದ್ದಿಲು ಅದನ್ನು ಭದ್ರವಾಗಿ ಹಿಡಿಯಲಾರವು. ಋಣ ಅಯಾನುಗಳನ್ನು ಹಿಡಿಯುವ ವಿಶೇಷ ರಾಳದ ಶೋಧಕ ಅಥವಾ ಆರ್.ಓ. ಯಂತ್ರವೇ ಬೇಕು.

ರೈತರು ಗಮನಿಸಬೇಕಾದ ಅಂಶಗಳು

1. ಕುಡಿಯಲು ಬಳಸುವ ಆಳದ ಕೊಳವೆ ಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿರಿ. ಯುರೇನಿಯಂ ಪರೀಕ್ಷೆ ಬೇಕೆಂದು ಪ್ರತ್ಯೇಕವಾಗಿ ಕೇಳಿರಿ. ಸಾಮಾನ್ಯ ಪರೀಕ್ಷೆಯಲ್ಲಿ ಅದು ಸೇರದಿರಬಹುದು.

2. ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ಯುರೇನಿಯಂ ಹೋಗದು. ನೀರು ಇಂಗಿದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

3. ಕುಡಿಯುವ, ಅಡುಗೆಯ ನೀರನ್ನಷ್ಟೇ ಶುದ್ಧೀಕರಿಸಿದರೆ ಸಾಕು. ಚರ್ಮದ ಮೂಲಕ ಯುರೇನಿಯಂ ದೇಹ ಸೇರುವುದು ಅತ್ಯಲ್ಪವಾದುದರಿಂದ ಸ್ನಾನಕ್ಕೆ, ಬಟ್ಟೆ ಒಗೆಯಲು ಅಡ್ಡಿಯಿಲ್ಲ.

4. ಶೋಧಕದ ಹಿಡಿಯುವ ಶಕ್ತಿ ಮುಗಿಯುತ್ತದೆ. ಆಗ ನೀರು ನೋಡಲು ತಿಳಿಯಾಗಿದ್ದರೂ ಯುರೇನಿಯಂ ಹಾಗೆಯೇ ಹಾದುಬರುತ್ತದೆ. ಸೋಸಿದ ನೀರನ್ನೂ ಆಗಾಗ ಪರೀಕ್ಷಿಸಿರಿ.

5. ಬಳಸಿದ ರಾಳವನ್ನು ತಿಪ್ಪೆಗೆ, ಹೊಲಕ್ಕೆ ಹಾಕಬೇಡಿರಿ, ಪೂರೈಸಿದವರಿಗೇ ಮರಳಿಸಿರಿ. ಆರ್.ಓ. ಯಂತ್ರದಿಂದ ಹೊರಬೀಳುವ ನೀರಿನಲ್ಲಿ ಯುರೇನಿಯಂ ಇನ್ನೂ ಹೆಚ್ಚು; ಅದನ್ನು ದನಗಳಿಗೆ ಕುಡಿಸಬೇಡಿರಿ, ಬಾವಿಯ ಬಳಿ ಚೆಲ್ಲಬೇಡಿರಿ.

ಮಲಪ್ರಭೆ ಹುಟ್ಟುವ ಖಾನಾಪುರ ತಾಲೂಕಿಗೆ ಮಳೆಯ ವರವಿದೆ. ಮಳೆನೀರು ಕಲ್ಲಿನೊಳಗೆ ಇಳಿದುದಲ್ಲ. ಅದರಲ್ಲಿ ಯುರೇನಿಯಂ ನಗಣ್ಯ. ಹಂಚಿನ ಮಾಡಿನ ನೀರನ್ನು ಮೊದಲ ಮಳೆ ಬಿಟ್ಟು, ಶುಚಿಯಾದ ತೊಟ್ಟಿಯಲ್ಲಿ ಹಿಡಿದು, ಸೋಸಿ ಕುದಿಸಿ ಕುಡಿಯಬಹುದು. ಇಲ್ಲಿ ಮಾತ್ರ ಮನೆಯ ಇದ್ದಿಲು–ಮರಳಿನ ಮಡಕೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.